ಜೀರುಂಡೆಯ ಮೂರು ಮಾಯಾವಸ್ತುಗಳು

ಬಸ್ ನಿಲ್ದಾಣದ ಛಾವಣಿಯ ತೊಲೆಗಳಿಗೆ ಬಿಗಿದ ಧ್ವನಿವರ್ಧಕಗಳಿಂದ, ಹಿಂದೆಂದೋ ಮುದ್ರಿಸಿಟ್ಟ ತಂಗಿಯ ದನಿ ದಿನವಿಡೀ ಕೇಳಿಸುತ್ತಿತ್ತು. "ಪ್ರಯಾಣಿಕರು ದಯವಿಟ್ಟು ಗಮನಿಸಿ. ಮೂರನೇ ಪ್ಲಾಟ್‌ಫಾರಂನಿಂದ ಹೊರಡಬೇಕಿದ್ದ ಬಸ್ಸು ಸ್ವಲ್ಪ ತಡವಾಗಿ ಹೊರಡಲಿದೆ. ನಿಮ್ಮ ಸಹಕಾರಕ್ಕೆ ಧನ್ಯವಾದಗಳು." ದನಿ ಹೀಗೆ ಮೇಲೆ ವಿನಂತಿ ಮಾಡಿಕೊಳ್ಳುತ್ತಿರುವಾಗ ದನಿಯ ಒಡತಿ ಅದೇ ಛಾವಣಿಯ ಕೆಳಗೆ, ಶೌಚಾಲಯದ ಪಕ್ಕದ, ಕಳೆದ ವಸ್ತುಗಳ ಉದ್ದನೆಯ ಕೋಣೆಯಲ್ಲಿ, ಯಾರೋ ಬಿಟ್ಟುಹೋದ ಕೊಡೆಗೆ ಚೀಟಿ ಕಟ್ಟುತ್ತಾ ಬಾಯಿ ಮುಚ್ಚಿಕೊಂಡು ಕುಳಿತಿರುತ್ತಿದ್ದಳು.

ಆಗಿದ್ದಿಷ್ಟು. ಗಂಟಲಲ್ಲಿ ಒಂದು ಗಂಟು ಬೆಳೆದಿತ್ತು. ಅದನ್ನು ಕತ್ತರಿಸಿ ತೆಗೆಯುವಾಗ ದನಿಯ ಎರಡು ತಂತುಗಳಲ್ಲಿ ಒಂದರ ಅಂಚೂ ಜೊತೆಗೆ ಹೋಯಿತು. ಡಾಕ್ಟರು ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ. "ಹಳೇ ದನಿ ಬರಲ್ಲಮ್ಮ, ಅದನ್ನ ಮರೆತುಬಿಡಿ. ಆದ್ರೆ ಒಂದು ದನಿ ಬರುತ್ತೆ. ಗಾಯ ಮಾಗಿದ ಮೇಲೆ ಮಾತಾಡ್ತಾ ಇದ್ರೆ ಬರುತ್ತೆ. ಸುಮ್ನಿದ್ರೆ ಅದೂ ಬಿಗಿದುಕೊಂಡು ಕೂತುಬಿಡುತ್ತೆ. ಆಮೇಲೆ ನನ್ನನ್ನ ಕೇಳಬೇಡಿ," ಎಂದಿದ್ದರು.

ಗಾಯ ಮಾಗಿತು. ಸೆಕೆಗಾಲ ಹೋಗಿ ಚಳಿ ಬಂತು. ತಂಗಿ ಒಂದು ಮಾತೂ ಆಡಲಿಲ್ಲ.

ಹಟ ಹಿಡಿದಿದ್ದಳು ಎಂದುಕೊಂಡರೆ ಅದು ಸುಳ್ಳು. ಹಟಕ್ಕೆ ಬೇಕಾದ ಬಿಸಿಯೇ ಅವಳಲ್ಲಿ ಇರಲಿಲ್ಲ. ದುಃಖವೇ ಎಂದರೆ ಅದೂ ಅಲ್ಲ. ದುಃಖವಾಗಿದ್ದರೆ ಒಂದು ದಿನ ಗೋಡೆಗೆ ಒರಗಿ ಅತ್ತು ಮುಖ ತೊಳೆದುಕೊಳ್ಳಬಹುದಿತ್ತು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡವರ ಕೆನ್ನೆ ತಮ್ಮದಾಗಿದ್ದೂ ತಮ್ಮದಲ್ಲದ ಹಾಗೆ ಇರುತ್ತದಲ್ಲ, ಅವಳ ಬದುಕೆಲ್ಲ ಹಾಗಾಗಿತ್ತು. ಬೆಳಿಗ್ಗೆ ಏಳುತ್ತಿದ್ದಳು, ದೇವರ ಮುಂದೆ ಕೈಮುಗಿದು ಕೂರುತ್ತಿದ್ದಳು. ಮೊದಲೆಲ್ಲ ಅಲ್ಲಿ ಒಂದು ಸಾಲಾದರೂ ಹಾಡುತ್ತಿದ್ದವಳು ಈಗ ತುಟಿಯನ್ನೂ ಅಲುಗಿಸುತ್ತಿರಲಿಲ್ಲ. ದೇವರ ಕಿವಿ ಚುರುಕು, ಆಡದ ಮಾತೂ ಅವನಿಗೆ ಮುಟ್ಟುತ್ತದೆ. ಆದರೆ ಮನುಷ್ಯರ ಕಿವಿಗೆ ಅಷ್ಟು ಕೃಪೆಯಿಲ್ಲ ನೋಡಿ, ಅಲ್ಲಿಗೆ ಏನಾದರೊಂದು ಸದ್ದು ಮಾಡಲೇಬೇಕು. ತಂಗಿ ಅಂಥವರಿಗಾಗಿ ಒಂದು ಸ್ಲೇಟನ್ನು ಇಟ್ಟುಕೊಂಡಿದ್ದಳು. ಕಳೆದುಕೊಂಡವರು ಕಿಟಕಿಗೆ ಬಂದರೆ 'ಯಾವ ಬಣ್ಣ?' ಎಂದು ಬರೆದು ತೋರಿಸುತ್ತಿದ್ದಳು. ಅವರು ಬಣ್ಣ ಹೇಳುತ್ತಿದ್ದರು, ಅವಳು ತಂದು ಕೊಡುತ್ತಿದ್ದಳು. ಅವರಲ್ಲಿ ಕೆಲವರು ಕಿವುಡಿಯೇನೋ ಎಂದುಕೊಂಡು ಗಟ್ಟಿಯಾಗಿ ಕೂಗಿ ಥ್ಯಾಂಕ್ಸ್ ಹೇಳುತ್ತಿದ್ದರು. ತಲೆಯ ಮೇಲೆ ಅವಳದೇ ದನಿ ಸಹಕಾರಕ್ಕೆ ಧನ್ಯವಾದ ಹೇಳುತ್ತಿತ್ತು.

ವಾರದ ರಜೆಯ ಮಧ್ಯಾಹ್ನ ಅಕ್ಕ ಬಂದು ಅವಳ ಚಪ್ಪಲಿಯನ್ನು ಬಾಗಿಲಿಗೆ ಮುಖ ಮಾಡಿಟ್ಟಳು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಏಳದ ರೋಗಿಗಳನ್ನು ಏಳಿಸಿ ಅಭ್ಯಾಸ.

"ನಡಿ. ಇವತ್ತು ಆಟ ಇದೆ. ನಿಮ್ಮ ಭಾವ ಪರದೆ ಎಲ್ಲ ಎಳೆದು ಕೂತಿದ್ದಾರೆ."

ತಂಗಿ ತಲೆ ಅಲ್ಲಾಡಿಸಿದಳು.

"ತಲೆ ಅಲ್ಲಾಡಿಸಿದ್ರೆ ನಂಗರ್ಥ ಆಗಲ್ಲ. ನಾನು ಓದಿದ್ದು ಕಡಿಮೆ. ಬೇಡ ಅಂತ ಬಾಯಲ್ಲಿ ಹೇಳು, ಬಿಟ್ಟುಬಿಡ್ತೀನಿ."

ಬಾಯಲ್ಲಿ ಹೇಳುವುದಕ್ಕಿಂತ ನಡೆದು ಹೋಗುವುದೇ ಸುಲಭವಾಗಿತ್ತು. ತಂಗಿ ಚಪ್ಪಲಿ ಮೆಟ್ಟಿಕೊಂಡಳು.

ಆಟವೆಂದರೆ ಇಸ್ಪೀಟಲ್ಲ, ಚದುರಂಗವೂ ಅಲ್ಲ. ಭಾವ ಕತೆ ಹೇಳುತ್ತಾರೆ. ಉಳಿದವರು ಆ ಕತೆಯೊಳಗೆ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮುಂದೆ ಹಾಳು ಕೋಟೆ ಬಂತೆನ್ನಿ, ಒಳಗೆ ಹೋಗುವುದೋ ಬೇಡವೋ ಎಂದು ಇಳಿದವರು ತೀರ್ಮಾನಿಸುತ್ತಾರೆ. ಗೆದ್ದರೋ ಬಿದ್ದರೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಬೆಳೆದವರು ಇಂಥದ್ದನ್ನು ಆಡುತ್ತಾರೆಯೇ ಎಂದು ಕೇಳಿದವರಿಗೆ ಭಾವ, "ಬೆಳೆದ ಮೇಲೇ ಅಲ್ವಾ ಬೇಕಾಗೋದು?" ಎನ್ನುತ್ತಿದ್ದರು.

ಭಾವನದು ಗಾಜಿನ ಅಂಗಡಿ. ಕಿಟಕಿಗೆ, ಕನ್ನಡಿಗೆ, ಚಿತ್ರದ ಚೌಕಟ್ಟಿಗೆ ಅಳತೆ ಹಿಡಿದು ಗಾಜು ಕೊಯ್ದು ಕೊಡುವ ಕೆಲಸ. ಹಿಂದಿನ ಕೋಣೆಯಲ್ಲಿ ಕೊಯ್ಯುವ ಮೇಜು, ಅದರ ಮೇಲೆ ಗಾಜು ಜಾರದಂತೆ ಹಾಸಿದ ಹಳೆಯ ಜಮಖಾನ. ರಜೆಯ ದಿನ ಅದೇ ಆಟದ ಮೇಜು. ಭಾವ ಕತೆಯ ನಕ್ಷೆಯನ್ನು ಒಂದು ದೊಡ್ಡ ಗಾಜಿನ ಹಲಗೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆಯುತ್ತಿದ್ದರು. ಕೋಟೆ ಬಿದ್ದಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು, ಇನ್ನೊಂದು ಕೋಟೆ ಎಬ್ಬಿಸಬಹುದು. ಕತೆಯಲ್ಲಿ ಸಿಕ್ಕುವ ಮಾಯದ ವಸ್ತುಗಳನ್ನಂತೂ ಗಾಜಿನ ಚೂರುಗಳ ಮೇಲೇ ಚಿತ್ರ ಬಿಡಿಸಿ, ಕೈ ಕೊಯ್ಯದಂತೆ ಅಂಚು ತೀಡಿ ಇಟ್ಟಿದ್ದರು. ಪ್ರತಿಯೊಬ್ಬರ ಮುಂದೆ ಮೂರು ಸೀಳಿರುವ ಒಂದು ಮರದ ತುಂಡು. ಒಬ್ಬರ ಮೈಗೆ ಒಲಿಯುವುದು ಮೂರೇ ಮಾಯಾವಸ್ತು, ನಾಲ್ಕನೆಯದು ಬೇಕೆಂದರೆ ಮೂರರಲ್ಲಿ ಒಂದನ್ನು ಬಿಡಬೇಕು. ಸೀಳಿನಲ್ಲಿ ಚೂರು ಸಿಕ್ಕಿಸಿದರೆ ಅದು ನಿಮ್ಮದು.

ಅಕ್ಕ ಆಟದಲ್ಲಿ ಕತ್ತಿ ಹಿಡಿದ ಯೋಧೆ. ವಾರವೆಲ್ಲ ಜನರನ್ನು ಬದುಕಿಸಿ ಬೇಜಾರಾಗಿದೆ, ಇಲ್ಲಾದರೂ ನಾಲ್ಕು ತಲೆ ಉರುಳಿಸಬೇಕು ಎನ್ನುವಳು. ಪಕ್ಕದ ಅಂಗಡಿಯ ಬೀಗಣ್ಣ, ಅಂದರೆ ಬೀಗ ರಿಪೇರಿ ಮಾಡುವವನು, ಭಾವನ ಹಳೆಯ ಗೆಳೆಯ, ಆಟದಲ್ಲಿ ಬೀಗದ ಗೊಡವೆಗೇ ಹೋಗುತ್ತಿರಲಿಲ್ಲ. ಅವನದು ಬಾಗಿಲನ್ನು ಭುಜದಿಂದ ಗುದ್ದಿ ಒಡೆಯುವ ದಾಂಡಿಗ.

ಮತ್ತೆ ತಂಗಿಯದು ಜೀರುಂಡೆ.

ಜೀರುಂಡೆ ಊರೂರು ಅಲೆಯುವ ಹಾಡುಗಾರ. ಹಾಡೇ ಅವನ ಮಂತ್ರ, ಮಾತೇ ಅವನ ಕತ್ತಿ. ಡ್ರ್ಯಾಗನ್‌ಗೆ ಜೋಗುಳ ಹಾಡಿ ಮಲಗಿಸಿದವನು, ರಾಜನಿಗೆ ಅವನದೇ ಕಿರೀಟವನ್ನು ಕಾಣಿಕೆ ಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡವನು, ಬಾಯಿಬಿಟ್ಟರೆ ಬರೀ ಬುರುಡೆ. ತಂಗಿ ಜೀರುಂಡೆಯಾಗಿ ಮಾತಿಗಿಳಿದರೆ ಬೀಗಣ್ಣ ಹೊಟ್ಟೆ ಹಿಡಿದುಕೊಂಡು ಜಮಖಾನದ ಮೇಲೆ ಹಣೆ ಇಡುತ್ತಿದ್ದ. ಅವಳೇ ಮಾಡಿದ್ದ ಒಂದು ನಿಯಮವೂ ಇತ್ತು. 'ಜೀರುಂಡೆ ಏನೋ ಹೇಳಿದ' ಎಂದರೆ ನಡೆಯದು, ಏನು ಹೇಳಿದ ಎಂದು ಆಡುವವರು ಸ್ವಂತ ಬಾಯಿಂದ ಹೇಳಬೇಕು. ಹೇಳಿದ ಮೇಲೆಯೇ ದಾಳ. ಆಗ ಭಾವ ಬೇಡವೆಂದಿದ್ದರು, ಅವಳು ವಾದಿಸಿ ಗೆದ್ದಿದ್ದಳು. ವಾದದಲ್ಲಿ ಅವಳನ್ನು ಯಾರು ಗೆದ್ದಾರು?

ಕೋಣೆ ಹಾಗೇ ಇತ್ತು. ಗೋಡೆಗೆ ಒರಗಿಸಿದ್ದ ಮಾರಾಟದ ಕನ್ನಡಿಗಳಲ್ಲಿ ಕೂತವರ ಬೆನ್ನು, ಕಿವಿ, ಮೊಣಕೈ ಚೂರುಚೂರಾಗಿ ಕಾಣುತ್ತಿದ್ದವು. ತಂಗಿ ತನ್ನ ಜಾಗಕ್ಕೆ ಬಂದು ನೋಡಿದರೆ ಅವಳ ಮರದ ತುಂಡಿನ ಮೂರೂ ಸೀಳುಗಳು ಆಗಲೇ ತುಂಬಿದ್ದವು.

"ಕೂತ್ಕೊ ಕೂತ್ಕೊ," ಎಂದ ಬೀಗಣ್ಣ, ಮದುವೆ ಮನೆಯ ಯಜಮಾನನಂತೆ ಕೈ ಉಜ್ಜಿಕೊಳ್ಳುತ್ತಾ. "ನಾವೆಲ್ಲ ಸೇರಿ ಆರಿಸಿದ್ದೀವಿ. ಸತ್ತ ರಾಣಿಯ ಉಗ್ರಾಣ ಸಿಕ್ಕಿದೆ ಅಂತ ತಿಳ್ಕೊ. ಒಬ್ಬೊಬ್ಬರಿಗೆ ಮೂರು. ನಿಂದು ನೋಡು, ಒಂದಕ್ಕಿಂತ ಒಂದು!"

ಮೊದಲನೆಯ ಚೂರಿನ ಮೇಲೆ ಕೈಗವಸು. ಅದನ್ನು ತೊಟ್ಟರೆ ಹಾಡುಗಾರನ ಮಂತ್ರ ಬಾಯಿಂದಲ್ಲ, ಬೆರಳ ಸನ್ನೆಯಿಂದಲೇ ನಡೆಯುತ್ತದೆ. ಎರಡನೆಯದು ಟೊಪ್ಪಿ. ಅದನ್ನಿಟ್ಟುಕೊಂಡವನ ಮನಸ್ಸಿನ ಮಾತು ಪಕ್ಕದವನಿಗೆ ತಾನೇ ತಿಳಿಯುತ್ತದೆ. ಮೂರನೆಯದು ಒಂದು ತಂತಿವಾದ್ಯ. ಮೈಮೇಲೆ ಚಿನ್ನದ ಬಣ್ಣ ಬಳಿದು ಭಾವ ಬಹಳ ಹೊತ್ತು ಕೂತು ಬಿಡಿಸಿದ್ದರು ಎಂದು ಕಾಣುತ್ತಿತ್ತು.

"ಅದು ತಾನೇ ಹಾಡೋ ವೀಣೆ," ಎಂದರು ಭಾವ. ಅವರ ದನಿಯಲ್ಲಿ ಏನೋ ಅಳುಕಿತ್ತು. "ಬೀಗಣ್ಣಂದೇ ಐಡಿಯಾ ಅಮ್ಮ. ಮೀಟಿದ್ರೆ ಜೀರುಂಡೆಯ ದನೀಲೇ ಮಾತಾಡುತ್ತೆ."

ಬೀಗಣ್ಣ ತನ್ನ ಫೋನನ್ನು ಜಮಖಾನದ ಮೇಲಿಟ್ಟು ಒತ್ತಿದ.

"ಪ್ರಯಾಣಿಕರು ದಯವಿಟ್ಟು ಗಮನಿಸಿ," ಎಂದಿತು ಫೋನು ತಂಗಿಯ ದನಿಯಲ್ಲಿ. ಹಿಂದೆ ಬಸ್ಸಿನ ಹಾರನ್ನು, ಯಾವುದೋ ಮಗುವಿನ ಕಿರುಚಾಟ. "ಎಲ್ಲರೂ. ಹಿಂದಕ್ಕೆ ಸರಿದು. ಕುಳಿತುಕೊಳ್ಳಬೇಕಾಗಿ ವಿನಂತಿ."

ಪಾಪ, ಬೀಗಣ್ಣ ವಾರಗಟ್ಟಲೆ ಬಸ್ ನಿಲ್ದಾಣದ ಧ್ವನಿವರ್ಧಕದ ಕೆಳಗೆ ನಿಂತು ಆ ದನಿಯನ್ನು ಫೋನಿನಲ್ಲಿ ಹಿಡಿದಿದ್ದನಂತೆ. ಮಾತು ಮಾತು ಕತ್ತರಿಸಿ ಜೋಡಿಸಿದ್ದನಂತೆ. ಜನ ಅವನನ್ನು ಜೇಬುಗಳ್ಳನೆಂದು ತಿಳಿದು ಪೊಲೀಸಿಗೆ ತೋರಿಸಿದ್ದೂ ಆಯಿತಂತೆ. "ಇದು ಕೂರಿಸೋ ಮಂತ್ರ! ಶತ್ರುಗಳೆಲ್ಲ ಅಲ್ಲೇ ಕೂತುಬಿಡಬೇಕು. ಇನ್ನೊಂದಿದೆ ಕೇಳು, ಓಡಿಸೋ ಮಂತ್ರ. 'ಕೂಡಲೇ ನಿಲ್ದಾಣ ಖಾಲಿ ಮಾಡಿ.' ಹೆಂಗೆ?"

ತಂಗಿ ಕೇಳಿದಳು. ದನಿ ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರವಾಗಿತ್ತು. ಅದು ತನ್ನದೆಂದು ಅವಳಿಗೆ ಗೊತ್ತಿತ್ತು, ಆದರೆ ಅದು ಬರೀ ಗೊತ್ತಿರುವ ಸಂಗತಿಯಾಗಿತ್ತು. ಅಷ್ಟು ಪ್ರೀತಿಯಿಂದ ಮಾಡಿದ್ದಾರೆ, ಕಣ್ಣು ತುಂಬಬೇಕಿತ್ತು. ಇಲ್ಲವಾದರೆ ಸಿಟ್ಟಾದರೂ ಬರಬೇಕಿತ್ತು. ಅವಳು ಎರಡಕ್ಕೂ ಕಾದಳು. ಎರಡೂ ಬರಲಿಲ್ಲ. ಸ್ಲೇಟಿನ ಮೇಲೆ 'ಚೆನ್ನಾಗಿದೆ' ಎಂದು ಬರೆದಳು.

"ಬರೆದಳು ನೋಡು! ಚೆನ್ನಾಗಿದೆ ಅಂತೆ!" ಬೀಗಣ್ಣ ಭಾವನ ಬೆನ್ನಿಗೊಂದು ಗುದ್ದಿದ.

ಆಟ ಶುರುವಾಯಿತು. ಭಾವ ಗಾಜಿನ ಮೇಲೆ ಉಗ್ರಾಣದ ಬಾಗಿಲನ್ನು ಬರೆದು, ಅದರ ಮುಂದೆ ಕಪ್ಪು ಬಣ್ಣದಲ್ಲಿ ಒಂದು ದೊಡ್ಡ ಚೌಕ ತುಂಬಿದರು. "ವಸ್ತುಗಳನ್ನ ಎತ್ಕೊಂಡು ನೀವು ಬಾಗಿಲಿಗೆ ಬಂದ್ರಿ. ಅಲ್ಲೊಬ್ಬ ಕಾವಲುಗಾರ. ಕಲ್ಲಿನ ಮನುಷ್ಯ. ಅವನ ಮೊಣಕಾಲು ನಿಮ್ಮ ತಲೆಯ ಮಟ್ಟಕ್ಕಿದೆ. ಕತ್ತಿ ತಾಗಲ್ಲ, ಗುದ್ದಿದ್ರೆ ಗುದ್ದಿದವರ ಭುಜಾನೇ ಹೋಗುತ್ತೆ." ಬೀಗಣ್ಣ ಬಾಯಿ ತೆರೆದವನು ಮುಚ್ಚಿದ. ಭಾವ ಗಂಟಲು ದಪ್ಪ ಮಾಡಿಕೊಂಡರು. "ಯಾರು ನೀವು? ಯಾರನ್ನ ಕೇಳಿ ಒಳಗೆ ಬಂದ್ರಿ?"

ಎಲ್ಲರೂ ತಂಗಿಯ ಕಡೆ ತಿರುಗಿದರು. ಇಂಥ ಕಡೆ ಮುಂದೆ ಬರುವವನು ಜೀರುಂಡೆಯೇ. ತಂಗಿ ವೀಣೆಯ ಚೂರಿನ ಮೇಲೆ ಬೆರಳಿಟ್ಟಳು. ಬೀಗಣ್ಣ ಫೋನು ಒತ್ತಿದ.

"ಮೂರನೇ ಪ್ಲಾಟ್‌ಫಾರಂ," ಎಂದಿತು ಫೋನು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಕಲ್ಲಿನ ಮನುಷ್ಯನಿಗೆ ಬಸ್ ಹತ್ತಿಸ್ತೀಯೇನೋ ಬೀಗಣ್ಣಾ?"

"ಇರಕ್ಕ, ತಪ್ಪು ಒತ್ತಿದೆ." ಅವನು ಪರದಾಡಿದ. "ಸ್ವಲ್ಪವೇ ಹೊತ್ತಿನಲ್ಲಿ ಬರಲಿದೆ," ಎಂದಿತು ಫೋನು.

"ಅದೊಂದು ಸುಳ್ಳನ್ನ ಅದು ಎಷ್ಟು ವರ್ಷದಿಂದ ಹೇಳ್ತಿದೆಯೋ!" ಎಂದಳು ಅಕ್ಕ. ಮೂವರೂ ನಕ್ಕರು. ತಂಗಿಯ ತುಟಿಯೂ ನಗುವ ಆಕಾರಕ್ಕೆ ಹೋಯಿತು.

ಆಮೇಲೆ ನಗು ತಾನಾಗಿ ಇಳಿಯಿತು. ಭಾವ ಕಾವಲುಗಾರನ ದಪ್ಪ ದನಿಯಲ್ಲಿ ಇನ್ನೊಮ್ಮೆ ಕೇಳಲು ಹೋಗಿ ಕೇಳಲಿಲ್ಲ. ಆ ಫೋನಿನೊಳಗೆ ಬಸ್ಸಿನ ಸುದ್ದಿಯ ಹೊರತು ಬೇರೆ ಮಾತಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಬುರುಡೆ ಬಿಡುವ ಜೀರುಂಡೆ ಅದರಲ್ಲಿ ಎಲ್ಲಿಂದ ಬರಬೇಕು?

ತಂಗಿ ವೀಣೆಯ ಚೂರನ್ನು ಸೀಳಿನಿಂದ ಎಳೆದು ಮೇಜಿನ ನಡುವೆ ಇಟ್ಟಳು. ಟೊಪ್ಪಿಯನ್ನು ಎಳೆದಳು, ಅದರ ಪಕ್ಕಕ್ಕಿಟ್ಟಳು. ಕೈಗವಸನ್ನೂ ಇಟ್ಟಳು. ಕೊಡೆಯನ್ನು ಅದರ ಒಡೆಯರಿಗೆ ಹಿಂದಿರುಗಿಸುವಷ್ಟೇ ಸಲೀಸಾಗಿ ಮೂರನ್ನೂ ಹಿಂದಿರುಗಿಸಿದಳು.

ಬೀಗಣ್ಣನ ಮುಖ ಸಪ್ಪಗಾಯಿತು. "ಬೇಜಾರಾಯ್ತಾ ತಂಗ್ಯಮ್ಮ? ನಾನು ಒಳ್ಳೇದಕ್ಕೇ..." ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ಬೇಕಾದ್ರೆ ಬೇರೆ ಯಾರಾದ್ರೂ ಆಗು. ಮೂಕ ಬಿಲ್ಲುಗಾರ ಒಬ್ಬ ಇದ್ದ ಅನ್ನೋಣ. ಜೀರುಂಡೆ... ಜೀರುಂಡೆ ದೂರದ ಊರಿಗೆ ಹೋದ ಅಂದ್ಕೊಳ್ಳೋಣ," ಎಂದ.

"ಜೀರುಂಡೆ ಎಲ್ಲಿಗೂ ಹೋಗಿಲ್ಲ," ಎಂದಳು ಅಕ್ಕ. ನಗುವಾಗ ಮಿನುಗಿದ್ದ ಅವಳ ಕಣ್ಣು ಈಗ ವಾರ್ಡಿನ ಕಣ್ಣಾಗಿತ್ತು. "ನಾನು ಒಂದು ಹೇಳ್ತೀನಿ, ಬೈಕೊಂಡ್ರೆ ಬೈಕೊ. ನೀನು ಮೂಕಿ ಅಲ್ಲ ಕಣೇ. ನಿನಗೆ ದನಿ ಇದೆ. ಡಾಕ್ಟರು ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೀನಿ. ಚಳಿಗಾಲ ಮುಗಿಯೋದ್ರೊಳಗೆ ಬಾಯಿ ಬಿಡದಿದ್ರೆ ಅದೂ ಹೋಗುತ್ತೆ. ಹೋದ್ರೆ ಹೋಗ್ಲಿ ಅಂತಿದ್ದೀಯಾ? ಅದನ್ನಾದ್ರೂ ಬರೆದು ತೋರಿಸು."

ತಂಗಿ ಬಳಪ ಹಿಡಿದಳು. ಹೋದರೆ ಹೋಗಲಿ ಎನ್ನುತ್ತಿದ್ದೇನೆಯೇ? ಒಳಗೆ ಕೇಳಿಕೊಂಡಳು. ಒಳಗೆ ಯಾರೂ ಓಗೊಡಲಿಲ್ಲ. ಬಾಡಿಗೆಯವರು ಖಾಲಿ ಮಾಡಿದ ಮನೆಯ ಬಾಗಿಲು ತಟ್ಟಿದಂತಾಯಿತು. ಜೀರುಂಡೆ ಈ ಮಧ್ಯಾಹ್ನವೇ ಸತ್ತನೆಂದರೂ ಯಾರೂ ಅವಳನ್ನು ದೂರುತ್ತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ, ಆಮೇಲೆ ಚಹಾ ಕುಡಿದು, ಅವಳನ್ನು ಮನೆಗೆ ಕಳಿಸುತ್ತಿದ್ದರು. ದನಿಯೂ ಹಾಗೇ ಸದ್ದಿಲ್ಲದೆ ಹೋಗುತ್ತಿತ್ತು. ಅವಳು ಬಳಪವನ್ನು ಕೆಳಗಿಟ್ಟಳು. ಸ್ಲೇಟಿನ ಮೇಲೆ ಏನೂ ಬರೆದಿರಲಿಲ್ಲ.

ಭಾವ ಅಷ್ಟು ಹೊತ್ತೂ ಒದ್ದೆ ಬಟ್ಟೆಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು. ಈಗ ಎದ್ದು, ಬೀರುವಿನ ಮೇಲಿಂದ ಅಗಲವಾದ ತಟ್ಟೆಯೊಂದನ್ನು ಇಳಿಸಿ ತಂಗಿಯ ಮುಂದಿಟ್ಟರು. ಇಷ್ಟು ವರ್ಷಗಳಲ್ಲಿ ಬಿಡಿಸಿದ ಮಾಯದ ಚೂರುಗಳೆಲ್ಲ ಅದರಲ್ಲಿದ್ದವು. ತಟ್ಟೆ ಇಡುವ ಜಾಗಕ್ಕಾಗಿ ಸ್ಲೇಟನ್ನೆತ್ತಿ ತಮ್ಮ ಕಡೆಯ ಮೂಲೆಗೆ ಸರಿಸಿದರು.

"ತಪ್ಪು ನಂದು," ಎಂದರು. "ಇನ್ನೊಬ್ಬರ ಮೈಗೆ ಏನು ಒಲಿಯುತ್ತೆ ಅಂತ ನಾವು ಕೂತು ತೀರ್ಮಾನ ಮಾಡಬಾರದಿತ್ತು. ಆಟದ ನಿಯಮಾನೂ ಅಲ್ಲ ಅದು. ನೀನೇ ಆರಿಸಮ್ಮ. ಆರಿಸೋದಿಲ್ಲ ಅಂದ್ರೂ ಸರಿ."

ತಂಗಿ ತಟ್ಟೆಯೊಳಗೆ ಕೈಯಾಡಿಸಿದಳು. ಕೆಲಸದ ಕೋಣೆಯ ಅಭ್ಯಾಸವೇ ಕೈಗೆ ಬಂತು. ಅಲ್ಲಿ ವಸ್ತು ಎಷ್ಟು ಚೆಂದ ಎಂದು ಯಾರು ನೋಡುತ್ತಾರೆ? ಯಾರದಿರಬಹುದು, ಯಾಕೆ ಬಿಟ್ಟುಹೋದರು, ಹುಡುಕಿಕೊಂಡು ಬರುತ್ತಾರೆಯೇ, ಅಷ್ಟೇ. ಬೆಂಕಿ ಉಗುಳುವ ಕಡ್ಡಿಯೊಂದಿತ್ತು. ಜೀರುಂಡೆ ಬೆಂಕಿಗೆ ಹೆದರುವವನು. ಅದೃಶ್ಯ ಮಾಡುವ ಮೇಲಂಗಿ ಇತ್ತು. ತನ್ನನ್ನು ಜನ ನೋಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಎಷ್ಟು ಕುಡಿದರೂ ಬರಿದಾಗದ ಹೂಜಿ ಇತ್ತು. ಅದನ್ನು ಕೊಟ್ಟರೆ ಅವನು ಮತ್ತೆ ಪಯಣ ಹೊರಡುವುದೇ ಇಲ್ಲ. ಹೀಗೆ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ ಹೋದಳು. ಅವಳಿಗೆ ಖುಷಿಯೇನೂ ಆಗುತ್ತಿರಲಿಲ್ಲ. ಜೀರುಂಡೆಗೆ ಏನು ಬೇಕೆಂಬುದು ಮಾತ್ರ, ನೆರೆಮನೆಯವನಿಗೆ ಏನು ಬೇಕೆಂದು ಗೊತ್ತಿರುವ ಹಾಗೆ, ಸ್ಪಷ್ಟವಾಗಿ ಗೊತ್ತಿತ್ತು.

ಕೊನೆಗೆ ಒಂದು ಜೊತೆ ಬೂಟು ಎತ್ತಿಕೊಂಡಳು. ಕೆಸರಲ್ಲಿ ಹೂಳದ, ನೀರಲ್ಲಿ ನೆನೆಯದ ಬೂಟು. ಅಲೆಯುವವನ ಪಾದ ಒಣಗಿರಬೇಕು. ಅದನ್ನು ಮೊದಲ ಸೀಳಿಗೆ ಸಿಕ್ಕಿಸಿದಳು. ಇನ್ನೊಂದು ಉಂಗುರ. ಎದುರಿನವನು ಸುಳ್ಳು ಹೇಳಿದರೆ ಬೆಚ್ಚಗಾಗುವ ಉಂಗುರ. ಸುಳ್ಳುಗಾರನಿಗೆ ಇನ್ನೊಬ್ಬರ ಸುಳ್ಳು ತಿಳಿಯದಿದ್ದರೆ ಕಸುಬು ನಡೆಯದು. ಎರಡನೆಯ ಸೀಳಿಗೆ ಅದು. ಮೂರನೆಯದಕ್ಕೆ ತಟ್ಟೆಯನ್ನು ಇನ್ನೊಮ್ಮೆ ತಳದವರೆಗೂ ಕೆದಕಿದಳು. ಕೊಳಲು, ಕಹಳೆ, ತಮಟೆ, ಗಂಟೆ. ಎಲ್ಲ ಸದ್ದು ಮಾಡುವಂಥವು. ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಎರಡೇ ಆಯ್ತು," ಎಂದರು ಭಾವ. "ಮೂರನೇದು?"

ತಂಗಿ ಸ್ಲೇಟಿಗೆ ಕೈ ಚಾಚಿದಳು. ಅದು ಇದ್ದ ಜಾಗದಲ್ಲಿರಲಿಲ್ಲ. ಮೇಜಿನ ಆ ಮೂಲೆಯಲ್ಲಿ, ಅಕ್ಕನನ್ನೂ ಬೀಗಣ್ಣನನ್ನೂ ಎಬ್ಬಿಸಿ ದಾಟಿ ಹೋಗಬೇಕಾದ ಕಡೆ ಇತ್ತು. ಅಷ್ಟು ದೂರ ಯಾರು ಎದ್ದು ಹೋಗುತ್ತಾರೆ ಎನ್ನಿಸಿತು.

"ಖಾಲಿ ಇರಲಿ," ಎಂದಳು.

ಅದನ್ನು ದನಿ ಎನ್ನಬೇಕೋ ಬೇಡವೋ. ಒರಟು ನೆಲದ ಮೇಲೆ ಕುರ್ಚಿ ಎಳೆದ ಸದ್ದಿನಲ್ಲಿ ನಾಲ್ಕಾರು ಅಕ್ಷರ ಸಿಕ್ಕಿಹಾಕಿಕೊಂಡ ಹಾಗಿತ್ತು. ಅವಳಿಗೇ ಅದು ಮುಂದಿನ ಬೀದಿಯಿಂದ ಬಂದಂತೆ ಕೇಳಿಸಿತು. ಗಂಟಲು ಉರಿಯಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಅಕ್ಕನ ಕೈ ಚಹಾ ಲೋಟದ ಮೇಲೆ ಇದ್ದಲ್ಲೇ ನಿಂತಿತ್ತು. ಮೂವರೂ ಗುಡಿಯೊಳಗೆ ನಿಂತವರ ಹಾಗೆ ಅವಳನ್ನೇ ನೋಡುತ್ತಿದ್ದರು. ಆ ನೋಟದ ಕೆಳಗೆ ಇನ್ನೊಂದು ಮಾತು ಹೊರಡುವಂತಿರಲಿಲ್ಲ. ಅವಳ ಬಾಯಿ ಮತ್ತೆ ಮುಚ್ಚಿಕೊಳ್ಳತೊಡಗಿತು.

ಭಾವನಿಗೆ ಆ ಹೊತ್ತಿನಲ್ಲಿ ಬುದ್ಧಿ ಕೊಟ್ಟವನು ಮೇಲಿರುವವನೇ ಇರಬೇಕು. ಅವರು ಕೆಮ್ಮಿದರು. ಹುಬ್ಬು ಗಂಟಿಕ್ಕಿ, ಎದೆ ಉಬ್ಬಿಸಿ, ಕಲ್ಲಿನ ಮನುಷ್ಯನಾದರು.

"ಏನಂದೆ ಕುಳ್ಳಾ? ಕೇಳಿಸಲಿಲ್ಲ. ನನ್ನ ಕಿವಿ ಬಹಳ ಎತ್ತರದಲ್ಲಿದೆ. ಯಾರು ನೀವು?"

"ರೀ!" ಎಂದಳು ಅಕ್ಕ, ಗಾಬರಿಯಿಂದ. "ಪಾಪ, ಈಗ ತಾನೇ..."

"ಪಾಪ ಅನ್ನೋದು ನಿಯಮದಲ್ಲಿಲ್ಲ," ಎಂದರು ಭಾವ, ತಂಗಿಯ ಮೇಲಿಂದ ಕಣ್ಣು ತೆಗೆಯದೆ. "ಕಲ್ಲಿನ ಮನುಷ್ಯ ಕಾಯ್ತಿದ್ದಾನೆ."

ತಂಗಿ ಗಾಜಿನ ಮೇಲಿನ ಕಪ್ಪು ಚೌಕವನ್ನು ನೋಡಿದಳು. ಅವನಿಗೆ ಏನಾದರೂ ಹೇಳಬೇಕಿತ್ತು. ನಿಜ ಹೇಳುವಂತಿರಲಿಲ್ಲ, ನಿಜ ಹೇಳಿದರೆ ಅವನು ತುಳಿದುಹಾಕುತ್ತಾನೆ.

"ನಾವು," ಎಂದಳು. ಗಾಳಿಯೆಲ್ಲ ಅಷ್ಟಕ್ಕೇ ಮುಗಿಯಿತು. ಮತ್ತೆ ಎಳೆದುಕೊಂಡಳು. "ಕಿಟಕಿ ಒರೆಸೋರು."

"ಇಲ್ಲಿ ಕಿಟಕಿಯೇ ಇಲ್ಲ!"

"ಅದಕ್ಕೇ. ಹುಡುಕ್ತಾ. ಇದ್ವಿ."

ಬೀಗಣ್ಣನ ಗಂಟಲಿನಿಂದ ಕೋಳಿ ಕೂಗಿದಂಥ ಒಂದು ಸದ್ದು ಹೊರಟಿತು. ಭಾವ ದಾಳವನ್ನು ಅವಳ ಕಡೆ ಉರುಳಿಸಿದರು. ಅವಳು ಎಸೆದಳು. ಜಮಖಾನದ ಮೇಲೆ ಸೋಮಾರಿಯಾಗಿ ಹೊರಳಿ ದಾಳ ನಿಂತಿತು. ತೀರಾ ಕೆಳಗಿನ ಸಂಖ್ಯೆ.

"ಇನ್ನೊಂದು ಸಲ ಹಾಕಲಿ," ಎಂದ ಬೀಗಣ್ಣ ಥಟ್ಟನೆ. "ಮೊದಲ ದಿನ ಅಲ್ವಾ..."

ಮುಖ ನೋಡಿದರೆ ಭಾವನಿಗೂ ಅದೇ ಆಸೆಯಿತ್ತು. ಆದರೂ ದಾಳವನ್ನು ಹಿಂದಕ್ಕೆ ತೆಗೆದುಕೊಂಡರು. "ಬಿದ್ದದ್ದು ಬಿತ್ತು. ಕಲ್ಲಿನ ಮನುಷ್ಯ ನಂಬಲಿಲ್ಲ. ಜೀರುಂಡೆಯ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದ. ಬಲಗಾಲಿನ ಬೂಟು ಅವನ ಕೈಯಲ್ಲೇ ಉಳಿಯಿತು. ಕಾಲು ಜಾರಿ ನೀನು ನೆಲಕ್ಕೆ ಬಿದ್ದೆ. ಏನು ಮಾಡ್ತೀಯ?"

ತಂಗಿ ಸೀಳಿನಲ್ಲಿದ್ದ ಬೂಟಿನ ಚೂರನ್ನು ನೋಡಿದಳು. ಈಗಷ್ಟೇ ಆರಿಸಿದ್ದು. ಒಂದು ಕಾಲಿನ ಬೂಟಿಗೆ ಚೀಟಿ ಕಟ್ಟಿ ಇಟ್ಟುಕೊಂಡು ಏನು ಮಾಡುವುದು? ಒಳಗೆಲ್ಲೋ, ಬಹಳ ಕೆಳಗೆ, ಏನೋ ಒಂಚೂರು ಕೆರೆದಂತಾಯಿತು. ಅದನ್ನು ಸಿಟ್ಟು ಎನ್ನಲಾಗದು. ಸಿಟ್ಟಿನ ದೂರದ ನೆಂಟ ಎನ್ನಬಹುದು.

"ಅದು ಜೊತೆ," ಎಂದಳು. "ಒಂದೇ ಕಾಲಿಂದು... ಮಾಯ ನಡೆಯಲ್ಲ. ಅವನಿಗೂ ನಡೆಯಲ್ಲ. ಅದಕ್ಕೆ ನಾನು ಅವನ ಹತ್ರ..."

"ನಾನು ಹಿಂದಿನಿಂದ ಹೋಗಿ ಅವನ ಮೊಣಕಾಲಿನ ಹಿಂಭಾಗಕ್ಕೆ ಗುದ್ದುತ್ತೀನಿ!" ಎಂದು ಬೀಗಣ್ಣ ಎದ್ದೇ ನಿಂತ. ಅವನಿಗೆ ಆಟ ಏರಿಬಿಟ್ಟಿತ್ತು. "ಮೊಣಕಾಲು ಮಡಿಸಿತಾ, ಇವಳು ಬೂಟು ಕಿತ್ಕೊಳ್ಳೋದು, ಅಕ್ಕ ಬಾಗಿಲಿಗೆ ಓಡೋದು, ನಾನು..."

"ಬೀಗಣ್ಣ!" ಎಂದು ಅಕ್ಕ ಕಣ್ಣು ಕೆಂಪಗೆ ಮಾಡಿದಳು. ಇಷ್ಟು ದಿನಕ್ಕೆ ಹುಡುಗಿ ನಾಲ್ಕು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವುದೇ?

ಅಷ್ಟರಲ್ಲಿ ಮೇಜಿನ ಮೇಲೆ ಫಟ್ಟೆಂದು ಸದ್ದಾಯಿತು. ಗಾಜಿನ ಚೂರುಗಳೆಲ್ಲ ತಟ್ಟೆಯೊಳಗೆ ಝಣಝಣ ಎಂದವು. ತಂಗಿಯ ಅಂಗೈ ಜಮಖಾನದ ಮೇಲಿತ್ತು.

"ನನ್ನ ಮಾತು," ಎಂದಳು, ಒಡೆದ ದನಿಯಲ್ಲಿ, ಉಸಿರು ತೆಗೆದುಕೊಂಡು, "ಮುಗೀಲಿಲ್ಲ."

ಬೀಗಣ್ಣ ಕೂತ. "ಸರಿ ತಾಯಿ. ಹೇಳು. ಯಾವಾಗ ನೋಡಿದ್ರೂ ನಿಂದೇ ಮೊದಲಾಗಬೇಕು," ಎಂದು ಗೊಣಗಿದ. ಹಿಂದೆಲ್ಲ ಹೀಗೇ ಗೊಣಗುತ್ತಿದ್ದ. ಅವನು ಅದನ್ನು ಬೇಕೆಂದು ಮಾಡಲಿಲ್ಲ, ಮರೆತು ಮಾಡಿದ. ಅಕ್ಕ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡು ಬಹಳ ಹೊತ್ತು ಚಹಾ ಕುಡಿದಳು. ಅದು ಆಗಲೇ ಖಾಲಿಯಾಗಿತ್ತು.

ತಂಗಿ ನೀರು ಕುಡಿದಳು. ಖುಷಿ ಬಂದಿದೆಯೇ ಎಂದು ಒಳಗೊಮ್ಮೆ ಹಣಕಿದಳು. ಬಂದಿರಲಿಲ್ಲ. ಸೂಜಿ ಚುಚ್ಚಿದ ಕೆನ್ನೆಯ ಹಾಗೆ ಬದುಕು ಇನ್ನೂ ಮರಗಟ್ಟಿಯೇ ಇತ್ತು. ನಾಲಿಗೆ ಒಣಗಿತ್ತು, ಕತ್ತಿನ ಬದಿಯಲ್ಲಿ ಹೊರೆ ಹೊತ್ತವರಿಗಾಗುವಂಥ ದಣಿವಿತ್ತು. ಇರಲಿ. ಖುಷಿ ಬರುವ ತನಕ ಕಲ್ಲಿನ ಮನುಷ್ಯನನ್ನು ನಿಲ್ಲಿಸಿಕೊಳ್ಳಲಾಗುತ್ತದೆಯೇ? ಹೊರಗೆ ಅಂಗಡಿ ಬೀದಿಯಲ್ಲಿ ಯಾರೋ ಕಬ್ಬಿಣದ ಷಟರು ಎಳೆದರು. ಆ ಸದ್ದು ಮುಗಿಯುವುದನ್ನು ಅವಳು ಕಾದಳು. ಈ ಹೊಸ ದನಿ ಅದನ್ನು ಮೀರುವಷ್ಟಿರಲಿಲ್ಲ.

"ನಾನು ಎದ್ದು ನಿಲ್ಲಲ್ಲ," ಎಂದಳು ಆಮೇಲೆ. "ಬಿದ್ದಲ್ಲೇ ಇರ್ತೀನಿ. ಅವನೇ ಬಗ್ಗಬೇಕು. ಕೇಳಿಸ್ಬೇಕು ಅಂದ್ರೆ."

ಭಾವ ಎರಡೂ ಕೈಗಳನ್ನು ಮೇಜಿಗೆ ಊರಿ, ಕಲ್ಲಿನ ಮನುಷ್ಯ ಬಗ್ಗುವಂತೆ ನಿಧಾನವಾಗಿ ಬಗ್ಗಿದರು. ಅವರ ಕಿವಿ ಅವಳ ಬಾಯಿಯ ಮಟ್ಟಕ್ಕೆ ಬಂತು.

"ಕೇಳಪ್ಪಾ ಕಲ್ಲಣ್ಣಾ," ಎಂದು ತಂಗಿ ಶುರುಮಾಡಿದಳು. "ಆ ಬೂಟು ನಿನ್ನ ಹೆಂಡ್ತೀದು. ಅವಳೇ ಕೊಟ್ಟು ಕಳಿಸಿದ್ದು. ನೀನು ಮನೆಗೆ ಹೋಗದೆ ಎಷ್ಟು ಕಾಲವಾಯ್ತು, ಹೇಳು..."